ಅಕ್ಕನಿಗೆ ತೊಂಬತ್ತೇಳು ಅಂಕ

"ನೂರಕ್ಕೆ ಮೂವತ್ತೆಂಟು! ಥೂ, ಕತ್ತೆ ಕಾಯೋಕೂ ಲಾಯಕ್ಕಿಲ್ಲ ನೀನು. ಎಲ್ಲಿಟ್ಟಿದ್ದೀಯ ಕೀವರ್ಡನ್ನ? ಬಾಲದಲ್ಲಿ! ಜನ ಹುಡುಕೋ ಪದ ತಲೆ ಮೇಲೆ ಇರ್ಬೇಕು ಕಣೆ, ತಲೆ ಮೇಲೆ!"

ಬೈದವನು ಮಾರ್ಕು ಮೇಷ್ಟ್ರು. ಆ ಹೆಸರು ಅವನ ಕೈಕೆಳಗಿನ ಹೆಂಗಸರು ಬೆನ್ನ ಹಿಂದೆ ಇಟ್ಟಿದ್ದು. ಇಂಟರ್ನೆಟ್ಟಿನಲ್ಲಿ ಯಾರು ಏನು ಹುಡುಕಿದರೂ ತನ್ನ ಗಿರಾಕಿಗಳ ಪುಟವೇ ಮೊದಲು ಕಾಣುವಂತೆ ಬರೆಸುವುದು ಅವನ ವ್ಯಾಪಾರ. ಕಿಟಕಿಯಿಲ್ಲದ ಕೋಣೆಯಲ್ಲಿ ಆರು ಜನ ಮೊಣಕೈಗೆ ಮೊಣಕೈ ತಾಗಿಸಿ ಕೂತು, ಒಂದೇ ಪದವನ್ನು ಒಮ್ಮೆ ಶೀರ್ಷಿಕೆಯಲ್ಲಿ, ಒಮ್ಮೆ ಮೊದಲ ಸಾಲಿನಲ್ಲಿ, ಒಮ್ಮೆ ಚಿತ್ರದ ಕೆಳಗೆ ಇಟ್ಟು, ಯಾವ ಜಾಗಕ್ಕೆ ಯಂತ್ರ ಎಷ್ಟು ಅಂಕ ಕೊಡುತ್ತದೆ ಎಂದು ಪರೀಕ್ಷಿಸಬೇಕು. ಇಂಥ ಘನ ಸಂಶೋಧನೆ ಮಾಡುವವರು ಉಚ್ಚೆಗೆ ಹೋಗಲು ಕೈ ಎತ್ತಿ ಕೇಳಬೇಕು.

ಈಗ ಬೈಸಿಕೊಂಡ ಇವಳ ಪಾಲಿಗೆ ಹದಿನೈದು ದಿನದಿಂದ ಬಂದಿರುವ ಪದ 'ಸುರಕ್ಷಿತ ಕ್ಲೀನಿಂಗ್ ಸೇವೆ'. ಗಿರಾಕಿ, ಎತ್ತರದ ಕಟ್ಟಡಗಳ ಗಾಜು ಒರೆಸುವ ಕಂಪನಿ. ಹೋದ ತಿಂಗಳು ಅದರ ಹಗ್ಗ ಹರಿದು ಮೂರನೇ ಮಹಡಿಯಿಂದ ಬಿದ್ದವಳು ಇವಳ ಒಡಹುಟ್ಟಿದ ಅಕ್ಕ. ಆಕೆ ನಮ್ಮ ಕೆಲಸದವಳೇ ಅಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತ್ತು. ಕ್ಲೀನಿಂಗ್ ಕಂಪನಿಯಲ್ಲವೇ, ಚೊಕ್ಕವಾಗಿಯೇ ತೊಳೆದುಕೊಂಡಿತ್ತು.

ಸೊಂಟ ಮುರಿದು ಮಲಗಿದ ಅಕ್ಕ ಬೆಳಿಗ್ಗೆ ಕೇಳಿದ್ದಳು: "ನನ್ ಸುದ್ದಿ ಎಲ್ಲಾದ್ರೂ ಬಂತೇನೆ?"

"ಬಂದಿದೆ ಕಣಕ್ಕಾ. ಹುಡುಕಿದ್ರೆ ಒಂಬತ್ತನೇ ಪುಟದಲ್ಲಿ ನಾಲ್ಕು ಸಾಲು."

"ಅಲ್ಲೀವರ್ಗೂ ಯಾವೋನು ಹೋಗಿ ನೋಡ್ತಾನೆ?"

ಕಂಪನಿಯ ಪುಟಗಳನ್ನು ಮೇಲೇರಿಸಿ ಅದನ್ನು ಅಷ್ಟು ಕೆಳಕ್ಕೆ ತಳ್ಳಿದ್ದು ತನ್ನ ಬೆರಳುಗಳೇ ಎಂಬುದನ್ನು ತಂಗಿ ಬಚ್ಚಿಟ್ಟಳು. ಕೆಲಸ ಬಿಟ್ಟರೆ ಅಕ್ಕನ ಮಾತ್ರೆ ನಿಲ್ಲುತ್ತದೆ. ನಾಚಿಕೆಯಿಂದ ತಲೆ ತಗ್ಗಿಸಿ ಆಫೀಸಿಗೆ ಬಂದಿದ್ದಳು.

ಈಗ ತಲೆ ಎತ್ತಿದಳು. "ಸಾರ್, ಬರ್ದಿದ್ದು ನಿಜಾನೋ ಸುಳ್ಳೋ, ಆ ಯಂತ್ರ ನೋಡಲ್ವಾ?"

ಮೇಷ್ಟ್ರು ಹೊಟ್ಟೆ ಕುಣಿಸಿ ನಕ್ಕ. "ಅದು ಓದಲ್ಲ ಕಣೆ ಮಂಗ, ಜಾಗ ನೋಡುತ್ತೆ ಅಷ್ಟೇ. ನಾನೂ ಓದಲ್ಲ. ತೊಂಬತ್ತು ದಾಟಿಸಿ ಕರಿ, ಗುಂಡಿ ಒತ್ತೋಕೆ ನಾನಿದ್ದೀನಿ."

ಪುಟವನ್ನು ಲೋಕಕ್ಕೆ ಬಿಡುವ ಗುಂಡಿ ಒತ್ತುವ ಭಾಗ್ಯ ಅವನೊಬ್ಬನದು.

ತಂಗಿ ಬರೆಯಲು ಕೂತಳು. ಶೀರ್ಷಿಕೆ: 'ಸುರಕ್ಷಿತ ಕ್ಲೀನಿಂಗ್ ಸೇವೆ: ನನ್ನ ಅಕ್ಕ ಬಿದ್ದ ಬಗೆ'. ಮೊದಲ ಸಾಲು: 'ಸುರಕ್ಷಿತ ಕ್ಲೀನಿಂಗ್ ಸೇವೆ ಅಕ್ಕನ ಸೊಂಟಕ್ಕೆ ಬಿಗಿದದ್ದು ಮೊದಲೇ ಹರಿದು ಮೂರು ಕಡೆ ಗಂಟು ಹಾಕಿದ ಹಗ್ಗ.' ಚಿತ್ರದಲ್ಲಿ, ಕಂಪನಿಯ ಹೆಸರು ಅಚ್ಚಾದ ಅಕ್ಕನ ಅಂಗಿ. ರಕ್ತದ ಕಲೆ ಒಗೆದರೂ ಹೋಗಿರಲಿಲ್ಲ. ಅದರ ಕೆಳಗೂ ಅದೇ ಪದ. ಕಲಿತ ವಿದ್ಯೆಯಲ್ಲಿ ಒಂದಿಷ್ಟನ್ನೂ ಮುಚ್ಚಿಟ್ಟುಕೊಳ್ಳಲಿಲ್ಲ.

"ಆಯ್ತು ಸಾರ್."

ಫೋನು ಕಿವಿಗಿಟ್ಟುಕೊಂಡೇ ಮೇಷ್ಟ್ರು ಬಗ್ಗಿದ. ಕಣ್ಣು ನೇರ ಪರದೆಯ ಮೂಲೆಯಲ್ಲಿ ಯಂತ್ರ ತೋರಿಸಿದ ಅಂಕಿಗೆ ಹೋಯಿತು. ತೊಂಬತ್ತೇಳು. ಹಚ್ಚ ಹಸಿರು.

"ನೋಡ್ದಾ, ಉಗಿದ್ರೇನೇ ಬುದ್ಧಿ ಬರೋದು ನಿಮಗೆ!" ಎಂದು ಗುಂಡಿ ಒತ್ತಿದ.

ಪಕ್ಕದವಳು ಪರದೆ ಓದಿ ಬಾಯಿಗೆ ಕೈ ಅಡ್ಡ ಹಿಡಿದಳು. ಮರುಕ್ಷಣ ಮೇಜಿನ ಕೆಳಗೆ ತಂಗಿಯ ಮೊಣಕಾಲನ್ನು ಬಿಗಿಯಾಗಿ ಹಿಡಿದಳು.

ತಂಗಿ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದಳು. ಕೈ ಎತ್ತದೆ, ಕೇಳದೆ ಬಾಗಿಲಿನತ್ತ ನಡೆದಳು.

"ಏಯ್, ಎಲ್ಲಿಗೇ?"

"ಉಚ್ಚೆಗೆ ಸಾರ್. ಅಷ್ಟ್ರಲ್ಲಿ ನೀವು ಒತ್ತಿದ್ದನ್ನ ಒಂದ್ಸಲ ಓದಿ."