ಹದಿನಾಲ್ಕು ಗೆರೆ

ಆರೇ ದಿನ ನೀರು ಕಂಡ ಸಿಮೆಂಟ್ ಹಲಗೆಯ ಮೇಲೆ ಮುಕಾದಮ ಚನ್ನಬಸಯ್ಯ ಹದಿನಾಲ್ಕು ಗೆರೆ ಬರುವಂತೆ ಮಾಡಿಸಿದ. ಮರುದಿನ ಮಲಾಡಿನ ಸಾಲಿ ಕಟ್ಟಡದಲ್ಲಿ ಅದನ್ನು ಎತ್ತಿದರು. ನಡುವೆ ಮುರಿದು ಬಿತ್ತು, ಕೆಳಗಿದ್ದ ಕಾಶಪ್ಪ ಸತ್ತ. ಗೆರೆ ಎಳೆದವಳು ಅವನ ಹೆಂಡತಿ ರುದ್ರವ್ವ.

ಆ ಹಲಗೆ ತಯಾರಾದ ಜೋಗೇಶ್ವರಿಯ ಯಾರ್ಡಿನಲ್ಲಿ ಗೋಡೆಗಳನ್ನೇ ಅಚ್ಚಿನಲ್ಲಿ ಹೊಯ್ಯುತ್ತಿದ್ದರು. ಬಾಗಿಲಿನದು ಒಂದು ಹಲಗೆ, ಕಿಟಕಿಯದು ಒಂದು, ಬರೀ ಗೋಡೆಯದು ಇನ್ನೊಂದು. ಲಾರಿಯಲ್ಲಿ ಒಯ್ದು ನಿಲ್ಲಿಸಿ ಬೋಲ್ಟು ಬಿಗಿದರೆ ಮಕ್ಕಳ ಸಾಲಿ. ಬಿಚ್ಚಿ ಬೇರೆ ಥರ ಜೋಡಿಸಿದರೆ ದವಾಖಾನೆ. ಅದೂ ಬೇಡವೆಂದರೆ ರೇಷನ್ ಆಫೀಸು. ಕಂಪನಿಯ ಸಾಹೇಬ ಬಂದವರಿಗೆಲ್ಲ ಬೆಂಕಿಪೊಟ್ಟಣ ಜೋಡಿಸಿ ಇದನ್ನು ತೋರಿಸುತ್ತಿದ್ದ. ಹಲಗೆಗೆ ಗಟ್ಟಿತನ ಬರಲು ಹದಿನಾಲ್ಕು ದಿನ ಗೋಣಿತಟ್ಟು ಹೊದಿಸಿ ನೀರು ಹೊಡೆಯಬೇಕೆಂಬುದು ಮಾತ್ರ ಬೆಂಕಿಪೊಟ್ಟಣದಲ್ಲಿ ಕಾಣುತ್ತಿರಲಿಲ್ಲ.

ನೀರು ಹೊಡೆಯುವುದು ರುದ್ರವ್ವನ ಕೆಲಸ. ಅಕ್ಷರ ಬಾರದು. ದಿನಕ್ಕೊಂದರಂತೆ ಹಲಗೆಯ ಅಂಚಿಗೆ ಕೆಮ್ಮಣ್ಣಿನ ಗೆರೆ ಎಳೆಯುವಳು. ಎಡಗೈಯವಳು, ಗೆರೆ ಒಂದಿಷ್ಟು ವಾಲುತ್ತಿತ್ತು. ಮಲಾಡಿನಲ್ಲಿ ಹಲಗೆ ನಿಲ್ಲಿಸುವ ಕಾಶಪ್ಪ ಇಂಜಿನಿಯರನ ಚೀಟಿ ನೋಡುತ್ತಿರಲಿಲ್ಲ. ಬೆರಳಿಟ್ಟು ಗೆರೆ ಎಣಿಸಿ, "ನನ್ನ ಹೆಣ್ತಿ ಗೆರಿ ಅದಾವ, ಎತ್ರಿ" ಅನ್ನುವನು.

"ಹೆಣ್ತಿ ಗೆರಿ ದಾಟದ ಗಂಡಸು ನೋಡಪಾ" ಎಂದು ಜೊತೆಗಾರ ಮುರಿಗೆಪ್ಪ ಕಾಡುವನು.

ಹಲಗೆ ಮುರಿದ ಹಿಂದಿನ ಸಂಜೆ ಚನ್ನಬಸಯ್ಯ ಆ ಆರು ಗೆರೆಯ ಹಲಗೆಯ ಬಳಿ ಮೆತ್ತಗೆ ಮಾತಾಡುತ್ತ ಬಂದಿದ್ದ. ವಿಜಾಪುರದ ಕಡೆಯವನು, ಜಂಗಮ. ಹಬ್ಬಕ್ಕೆ ರುದ್ರವ್ವ ಅವನ ಪಾದ ಮುಟ್ಟುತ್ತಿದ್ದಳು.

"ಇದರ ಮ್ಯಾಲ ಇನ್ನೂ ಎಂಟು ಎಳಿಯವ್ವಾ. ನಾಳೆ ದಿಲ್ಲಿ ಸಾಹೇಬ್ರು ಬರ್ತಾರ. ತೋರಸಾಕಷ್ಟ. ಹಲಗಿ ಇಲ್ಲಿಂದ ಕದಲೂದಿಲ್ಲ."

"ಖರೇನ ಕದಲೂದಿಲ್ಲೇನ್ರಿ ಅಯ್ಯಾರ?"

"ಜಂಗಮನ ಬಾಯಾಗ ಸುಳ್ಳು ಬರತೈತೇನು?"

ಎಳೆದಳು. ಮಂತ್ರಿ ಮಲಾಡಿನ ಸಾಲಿ ತೆರೆಯುವ ದಿನ ಗೊತ್ತಾಗಿತ್ತೆಂದೂ ಒಂದು ಹಲಗೆ ಕಡಿಮೆ ಬಿದ್ದಿತ್ತೆಂದೂ ಅವಳಿಗೆ ಯಾರೂ ಹೇಳಲಿಲ್ಲ.

ಮುರಿದ ತುಂಡುಗಳನ್ನು ತೊಳೆಯದೆಯೇ ಅದೇ ಸಾಲಿಯ ನೆಲಕ್ಕೆ ತುಂಬಿ ಮೇಲೆ ಗಾರೆ ಬಳಿದರು. ಕಾಶಪ್ಪ ಕುಡಿದಿದ್ದನೆಂದು ಕಂಪನಿ ಬರೆದುಕೊಂಡಿತು. ಎಲಿ-ಅಡಿಕಿ ಬಿಟ್ಟರೆ ಬೇರೆ ಚಟವಿಲ್ಲದವನು. ಅದೇ ಚಾಳಿನ ಪಕ್ಕದ ಖೋಲಿಯ ನಾಗವ್ವ ಬಂದು ರುದ್ರವ್ವನ ಬೆನ್ನು ಸವರಿದಳು. "ಎರಡ ಸಲ ಎಣಿಸಿದನಂತವ್ವಾ. ನಿನ್ನ ಗೆರಿ ಅಂತನ ಧೈರ್ಯಾ ಮಾಡಿ ಕೆಳಗ ನಿಂತನಂತ." ಸಮಾಧಾನಕ್ಕೆ ಹೇಳಿದ ಮಾತು. ರುದ್ರವ್ವ ಗೋಡೆಗೆ ಹಣೆ ಒತ್ತಿ ಕೂತಳು.

ನಾಲ್ಕನೆಯ ದಿನ ಚನ್ನಬಸಯ್ಯ ಹೇಳಿಕಳಿಸಿದ. ಮುರಿದದ್ದರ ಜಾಗಕ್ಕೆ ಹೋಗಬೇಕಾದ ಹಲಗೆ ಯಾರ್ಡಿನಲ್ಲಿ ಒಣಗಿ ನಿಂತಿತ್ತು. ಅದರ ಮೇಲೆ ಅವಳು ಹಿಂದೆ ಎಳೆದ ನಾಲ್ಕು ಗೆರೆ. ಪಕ್ಕದಲ್ಲಿ ತಿಕ್ಕಿ ಅಳಿಸಿದ ಕೆಂಪು ಕಲೆ.

"ಅಳಕೋತ ಕುಂತ್ರ ಹೋದಾಂವ ಬರ್ತಾನೇನು? ಹಿಡಿ, ಹತ್ತು ಎಳಿ." ಕೆಮ್ಮಣ್ಣಿನ ಡಬ್ಬಿ ಮುಂದಿಟ್ಟ. "ನಾನ ಎಳದು ಕಳಿಸಿದ್ದೆ. ಮುರಿಗೆಪ್ಪ ತಿರುಗಿ ಕಳಿಸಿದ. ಇವು ರುದ್ರವ್ವನ ಗೆರಿ ಅಲ್ಲ, ನಾ ಕೆಳಗ ನಿಂದ್ರೂದಿಲ್ಲ ಅಂತಾನ ಮಗ."

ಇನ್ನೂ ಅವಳ ಗೆರೆಯನ್ನೇ ನಂಬುತ್ತಿದ್ದಾರೆ.

"ಎಳಿಲಿಲ್ಲಂದ್ರ ಇವತ್ತ ಕಂಪನಿ ಖೋಲಿ ಖಾಲಿ ಮಾಡು," ಚನ್ನಬಸಯ್ಯನ ದನಿ ಏರಲೇ ಇಲ್ಲ. "ಮತ್ತ, ಗಂಡನ್ನ ಕೊಂದ ಎಂಟು ಗೆರಿ ಯಾರ ಕೈಯಾಗಿನವು ಅಂತ ಚಾಳಿಗೆಲ್ಲಾ ಹೇಳಬೇಕಾಕ್ಕೈತಿ."

ರುದ್ರವ್ವ ಎದ್ದು ಗೋಣಿತಟ್ಟು ನೆನೆಸಿ ತಂದು ಹಲಗೆಗೆ ಹೊದಿಸಿದಳು. ಕೊಡದಿಂದ ನೀರು ಹೊಯ್ದಳು, ಅಂಚಿನಿಂದ ಅಂಚಿಗೆ, ದಿನವೂ ಹೊಯ್ಯುವಂತೆ. ಆಮೇಲೆ ಕೆಮ್ಮಣ್ಣಿಗೆ ಬೆರಳದ್ದಿ ಐದನೆಯ ಗೆರೆ ಎಳೆದಳು.

"ಹಾಂ, ಹಂಗ ನಡೀಲಿ" ಅಂದ ಚನ್ನಬಸಯ್ಯ.

ಅವಳು ಡಬ್ಬಿಯನ್ನು ಅವನ ಪಾದದ ಹತ್ತಿರ ಇಟ್ಟಳು.

"ಚಾಳಿಗೆ ನೀವು ಹೇಳೂದು ಬ್ಯಾಡ್ರಿ, ನಾನ ಹೇಳ್ತೀನಿ. ಮೊದಲ ಮುರಿಗೆಪ್ಪಗ. ಇವತ್ತಿಂದು ಇದೊಂದ ಗೆರಿ. ಉಳದದ್ದು ನಾ ಎಳಿಯೂದಿಲ್ಲ."