ಸಂಜೆ ಹೊತ್ತಿನ ಪೈಪೋಟಿ

ಮಾಟುಂಗದಿಂದ ಲೋಕಲ್ ಹಿಡಿದು, ಕಾಂಜೂರ್‌ಮಾರ್ಗದಲ್ಲಿಳಿದು, ಬಸ್ಸಿಗೆ ಜೋತುಬಿದ್ದು ಪವಾಯಿಯ ಸಂಸ್ಥೆ ಮುಟ್ಟುವಷ್ಟರಲ್ಲಿ ವಿಮಲೆಯ ಅರ್ಧ ತಾಳ್ಮೆ ಖರ್ಚಾಗಿರುತ್ತಿತ್ತು. ಉಳಿದರ್ಧವನ್ನು ಅವಳ ಪಿಎಚ್.ಡಿ. ಗೈಡ್ ಪ್ರೊಫೆಸರ್ ಸತ್ಯಮೂರ್ತಿ ಮುಗಿಸುತ್ತಿದ್ದರು. ಅವರು ಮೈಸೂರಿನವರು, ನಮ್ಮೂರ ಹುಡುಗಿ ಎಂದು ಸೀಟು ಕೊಟ್ಟವರು. ಅದನ್ನು ತಾವೂ ಮರೆಯರು, ಅವಳಿಗೂ ಮರೆಯಗೊಡರು.

ಇದು ತೊಂಬತ್ತೆರಡರ ಮಾತು. ಇಂಗ್ಲೆಂಡ್ ತನ್ನ ಸರ್ಕಾರಿ ವಿದ್ಯುತ್ ಮಂಡಳಿಯನ್ನು ಒಡೆದು ಕರೆಂಟನ್ನು ಸಗಟು ಮಾರುಕಟ್ಟೆಗೆ ಬಿಟ್ಟಿತ್ತು. ನಾವೂ ಹಾಗೆ ಮಾಡಬಹುದೆ ಎಂದು ನೋಡಲು ದೆಹಲಿಯಲ್ಲೊಂದು ಸಮಿತಿ ಹುಟ್ಟಿತ್ತು. ಇಂಗ್ಲೆಂಡಿನ ಆ ಮಾರುಕಟ್ಟೆಯಲ್ಲಿ ನಿಜಕ್ಕೂ ಪೈಪೋಟಿ ಇದೆಯೆ ಎಂದು ಅಳೆಯುವ ಕೆಲಸ ವಿಮಲೆಯ ಪಾಲಿಗೆ ಬಂತು.

ಇಡೀ ದಿನದ ಸರಾಸರಿ ತೆಗೆದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಅಣುಸ್ಥಾವರಗಳೂ ಹೊರಗಿಂದ ಬರುವ ಕರೆಂಟೂ ಲೆಕ್ಕಕ್ಕೆ ಸೇರುತ್ತಿದ್ದವು. ಆದರೆ ಅವು ಸಿಕ್ಕಿದ ಬೆಲೆಗೆ ಮಾರುವಂಥವು, ರೇಟು ಕಟ್ಟುವಂಥವಲ್ಲ. ಚಳಿಗಾಲದ ಸಂಜೆ ಮನೆಮನೆಯಲ್ಲೂ ಸ್ವಿಚ್ ಒತ್ತಿದಾಗ ಹೆಚ್ಚಿನ ಕರೆಂಟು ಕೊಡಬಲ್ಲವು ಎರಡೇ ಕಂಪನಿ. ಆಗ ಅವು ಹೇಳಿದ್ದೇ ರೇಟು.

"ಸರಾಸರಿ ಸಾಕಮ್ಮ," ಎಂದರು ಸತ್ಯಮೂರ್ತಿ. "ಸಮಿತಿಯವರಿಗೆ ಪೈಪೋಟಿ ಇದೆ ಅನ್ನೋ ಒಂದು ಮಾತು ಬೇಕು, ಅಷ್ಟೆ."

"ಸಂಜೆ ಲೆಕ್ಕ ಬಿಟ್ರೆ ಅದು ಸುಳ್ಳಾಗತ್ತೆ ಸಾರ್."

"ನಿನ್ನ ಥೀಸಿಸ್ಸಿಗೆ ಸಹಿ ಹಾಕೋನು ನಾನೇ ತಾನೆ?" ಎಂದರು, ನಗುತ್ತಲೇ. ಆ ನಗು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಸಮಿತಿ ಪವಾಯಿಗೆ ಬಂತು. ಅಧ್ಯಕ್ಷರು ಕುಲಕರ್ಣಿ ಸಾಹೇಬರು. ಮುಂಬಯಿಯಲ್ಲಿ ಕುಲಕರ್ಣಿ ಎಂದರೆ ಮರಾಠಿಯವರೇ ಎಂದು ಸತ್ಯಮೂರ್ತಿ ಗಟ್ಟಿಯಾಗಿ ನಂಬಿದ್ದರು. ಎಲ್ಲ ಹೊತ್ತಿನಲ್ಲೂ ಪೈಪೋಟಿ ಇದೆಯೆ ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು. ವಿಮಲೆ ಬಾಯಿ ತೆರೆಯುವಷ್ಟರಲ್ಲಿ ಸತ್ಯಮೂರ್ತಿ ಸಭೆಯೆದುರೇ ಕನ್ನಡಕ್ಕೆ ಹೊರಳಿದರು: "ಸುಮ್ನಿರಮ್ಮ. ಇವರಿಗೆಲ್ಲ ಎಲ್ಲಿ ತಿಳಿಯತ್ತೆ."

"ತಿಳೀತದ್ರೀ," ಎಂದರು ಕುಲಕರ್ಣಿ. "ನಾ ಬೆಳಗಾವಿಯಂವಾ. ಹೇಳು ತಂಗಿ ನೀ."

ಸತ್ಯಮೂರ್ತಿಯವರ ಮುಖ ಹುಳ್ಳಗಾಯಿತು. ಥೀಸಿಸ್ ಹೋದರೆ ಹೋಗಲಿ ಎಂದು ವಿಮಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೊನೆಗೂ ಒಬ್ಬರು ಕಿವಿಗೊಟ್ಟರಲ್ಲ ಎಂದು ಸಂಜೆಯ ಅಂಕಿಗಳ ಹಾಳೆಯನ್ನೂ ಅವರ ಮುಂದಿಟ್ಟಳು.

"ಅಂದ್ರ ಸಂಜೀಕೂ ಎರಡು ಕಂಪನಿ ಉಳೀತಾವ?"

"ಎರಡೇ, ಸಾರ್."

"ಭಾಳ ಆತು ತಂಗಿ. ನಮ್ಮಲ್ಲೆ ರಾಜ್ಯಕ್ಕ ಒಂದ ಕರೆಂಟ್ ಬೋರ್ಡು. ಸಂಜೀಕ ಅದೂ ಇರೂದಿಲ್ಲ."

ಸಾಹೇಬರು ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಾಗ ಸಭೆ ಗೊಳ್ಳೆಂದಿತು. "ಹಾಗಲ್ಲ ಸಾರ್, ಎರಡೇ ಕಂಪನಿ ಇದ್ದರೆ..." ಎಂದು ವಿಮಲೆ ಎದ್ದು ನಿಂತಳು. ಅಷ್ಟರಲ್ಲಿ ಚಹಾ ಬಂದಿತ್ತು, ಕುರ್ಚಿಗಳು ಸರಿದಿದ್ದವು. ಹೋದ ಜೀವ ಬಂದಂತಾಗಿದ್ದ ಸತ್ಯಮೂರ್ತಿ, ಲೆಕ್ಕವೆಲ್ಲ ಇವಳದೇ ಎಂದು ವಿಮಲೆಯನ್ನು ಎಲ್ಲರಿಗೂ ಪರಿಚಯಿಸುತ್ತಿದ್ದರು.

ಮಳೆಗಾಲದಲ್ಲಿ ವರದಿ ಅಚ್ಚಾಗಿ ಬಂತು. ಸರಾಸರಿಯ ಸುದ್ದಿಯೇ ಅದರಲ್ಲಿರಲಿಲ್ಲ. ಬೇಡಿಕೆ ಅತಿ ಹೆಚ್ಚಿರುವ ಸಂಜೆಯಲ್ಲೂ ಎರಡು ಕಂಪನಿಗಳ ಪೈಪೋಟಿ ಇರುತ್ತದೆ ಎಂದು ಬರೆದು, ಅದಕ್ಕೆ ಆಧಾರವಾಗಿ ಒಂದೇ ಒಂದು ಹೆಸರು ಕೊಟ್ಟಿದ್ದರು. ಅದು ವಿಮಲೆಯದು.