ಆಯುಧಪೂಜೆಗೆ ಕೂತ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪ್ ಕೆಟ್ಟಿದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಬೇಜಾರು, ನನ್ನೊಬ್ಬಳನ್ನು ಬಿಟ್ಟು.

ಅದು ಹಳೆಯದು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಗೋಡೆಯ ಪ್ಲಗ್ಗಿಗೆ ಅಂಟಿಕೊಂಡೇ ಬದುಕಬೇಕು. ಆಫೀಸಿನವರು ಹೇಳಿದರೆಂದು ಆಯುಧಪೂಜೆಯ ಬೆಳಿಗ್ಗೆ ಹೊಸ ವಿಂಡೋಸ್ ಹಾಕಲು ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ನಮ್ಮತ್ತೆ ಯಶೋದಮ್ಮ ವೈರು ಕಿತ್ತು, ಅದನ್ನು ಮಿಕ್ಸಿ, ಈಳಿಗೆಮಣೆ, ಬೈಕಿನ ಕೀ ಜೊತೆ ದೇವರ ಮುಂದೆ ಕೂರಿಸಿ ಅರಿಶಿನ ಕುಂಕುಮ ಹಚ್ಚಿದ್ದರು.

"ಇವತ್ತು ಆಯುಧಗಳಿಗೆಲ್ಲ ರಜಾ ಕಣೇ. ನಾಳೆ ಪೂಜೆ ಕದಲಿಸೋವರ್ಗೂ ಮುಟ್ಬಾರ್ದು."

ರಜಾ ಇಲ್ಲದ ಆಯುಧ ನಾನೊಬ್ಬಳೇ ಎನ್ನಬೇಕೆನಿಸಿತು. ಅನ್ನದೆ ಹೋಳಿಗೆಗೆ ಕಣಕ ಕಲಸಿದೆ.

ವಿಜಯದಶಮಿಯ ಬೆಳಿಗ್ಗೆ ಪೂಜೆ ಕದಲಿಸಿದ ಮೇಲೆ ಆನ್ ಮಾಡಿದರೆ ಬರೀ ನೀಲಿ ಪರದೆ. ಅರ್ಧಕ್ಕೇ ನಿಂತ ಅಪ್‌ಗ್ರೇಡ್ ಹಿಂದಿನದನ್ನೂ ಕೆಡಿಸಿ ಕೂತಿತ್ತು. ಹೆದರಿಕೊಂಡೇ ನಮ್ಮ ಮ್ಯಾನೇಜರ್ ಬಸವರಾಜೇಶ್ವರಿ ಮೇಡಂಗೆ ಫೋನ್ ಮಾಡಿದೆ.

"ಆಗ್ಲಿ ಬಿಡ್ರಿ. ಇಲ್ಲಿ ಒಂದು ಸಿಸ್ಟಮ್ ಖಾಲಿ ಐತಿ. ಸೋಮವಾರದಿಂದ ಆಫೀಸಿಗೇ ಬರ್ರಿ," ಎಂದರು.

ಖುಷಿಗೆ ಅಳು ಬಂತು. ಮದುವೆಯಾದಾಗಿನಿಂದ ಹೊಸಹಳ್ಳಿಯ ಈ ಮನೆಯ ಡೈನಿಂಗ್ ಟೇಬಲ್ಲೇ ನನ್ನ ಆಫೀಸು. ಕೊರಿಯರ್ ಬಂದರೂ ನಾನೇ, ನೀರಿನ ಟ್ಯಾಂಕರ್ ಬಂದರೂ ನಾನೇ, ಅತ್ತೆಯ ನಾದಿನಿ ಬಂದರೆ ಕಾಫಿಗೂ ನಾನೇ. ಕೆಲಸ ಇದೆ ಎಂದರೆ "ಮನೇಲೇ ಇದೀಯಲ್ಲ" ಎನ್ನುತ್ತಾರೆ. ಆಫೀಸು ಇರುವುದು ಕೆಂಗೇರಿಯಲ್ಲಿ. ಮೆಟ್ರೋದಲ್ಲಿ ಕೂತರೆ ಅಲ್ಲಿಯವರೆಗೆ ಯಾರೂ ನನ್ನ ಹೆಸರು ಕೂಗುವುದಿಲ್ಲ. ಬೀರುವಿನ ತಳದಲ್ಲಿದ್ದ ನೇರಳೆ ಚೂಡಿದಾರ್ ತೆಗೆದು ಇಸ್ತ್ರಿ ಮಾಡಿದೆ.

ಅದನ್ನು ನೋಡಿದ ನನ್ನ ಗಂಡ ಗೌತಮ್‌ಗೆ ನನ್ನ ಮೇಲೆ ಕನಿಕರ ಬಂತು.

"ದಿನಾ ಯಾಕೆ ಓಡಾಡ್ತೀಯ ಅನಘಾ? ಇರು, ನಾನೇ ಸರಿ ಮಾಡ್ತೀನಿ."

ಒಳ್ಳೆಯವನು. ಒಳ್ಳೆಯವರ ಜೊತೆ ಜಗಳ ಆಡುವುದು ನನಗೆ ಬರುವುದಿಲ್ಲ. ಹಬ್ಬದ ದಿನವೂ ಗೆಳೆಯನಿಂದ ಪೆನ್‌ಡ್ರೈವ್ ತಂದು, ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಏನೇನೋ ಒತ್ತಿದ. ಕೊನೆಗೆ ಹಿಂದಿನ ವಿಂಡೋಸ್‌ಗೆ ಮರಳುವ ದಾರಿ ಸಿಕ್ಕಿತು. ಪರದೆಯ ಮೇಲೆ ಚುಕ್ಕಿಗಳು ಸುತ್ತತೊಡಗಿದವು.

"ಇನ್ನೊಂದ್ಸಲ ಕರೆಂಟ್ ಹೋದ್ರೆ ಕತೆ ಮುಗೀತು, ಯಾರೂ ರಿಪೇರಿ ಮಾಡಕ್ಕಾಗಲ್ಲ. ನೋಡ್ಕೋ, ಬಾಳೆಲೆ ತಂದ್ಬಿಡ್ತೀನಿ," ಎಂದು ಹೊರಗೆ ಹೋದ.

ನಾನು ಪ್ಲಗ್ಗಿನ ಪಕ್ಕವೇ ಕೂತೆ. ಕೈ ಚಾಚಿದರೆ ಸ್ವಿಚ್ಚು. ಒತ್ತುವ ಧೈರ್ಯ ಬರಲಿಲ್ಲ. ಕರೆಂಟಾದರೂ ಹೋಗಲಿ ತಾಯಿ ಎಂದು ಚಾಮುಂಡಿಗೆ ಹರಕೆ ಹೊತ್ತೆ.

ಕರೆಂಟು ಹೋಗಲಿಲ್ಲ. ಮಿಕ್ಸಿ ಹಿಡಿದುಕೊಂಡು ಅತ್ತೆ ಬಂದರು. ಅಡುಗೆಮನೆಯ ಪ್ಲಗ್ ಪಾಯಿಂಟ್ ಸುಟ್ಟುಹೋದಾಗಿನಿಂದ ಚಟ್ನಿ ರುಬ್ಬುವುದೂ ಇಲ್ಲೇ.

"ಇದನ್ನ ಒಂಚೂರು ತೆಗೀಲಾ?" ಎಂದು ಲ್ಯಾಪ್‌ಟಾಪಿನ ವೈರು ಹಿಡಿದರು.

ಆ ವೈರು ಕೀಳಬೇಡಿ ಎಂದು ಇಷ್ಟು ವರ್ಷ ದಿನಕ್ಕೆ ನೂರು ಸಲ ಕೂಗಿದ್ದೇನೆ. ಯೋಚಿಸುವ ಮೊದಲೇ ಬಾಯಿ ತನ್ನ ಕೆಲಸ ಮಾಡಿತು.

"ಬೇಡ ಅತ್ತೆ, ತೆಗೀಬೇಡಿ."

ಅವರು ಪಾಪ, ಕೈ ಬಿಟ್ಟರು. ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಅತ್ತೆ ಅಡುಗೆಮನೆ ಸೇರಿಯಾಗಿತ್ತು.

ಗೌತಮ್ ಬಾಳೆಲೆ ಹಿಡಿದು ಬರುವಾಗ ಪರದೆಯಲ್ಲಿ ನನ್ನ ಹಳೇ ಫೈಲುಗಳು ಇದ್ದ ಜಾಗದಲ್ಲೇ ಇದ್ದವು.

"ನೋಡು, ಎಲ್ಲಾ ಮೊದ್ಲಿನ ಥರಾನೇ ಇದೆ," ಎಂದು ನಕ್ಕ.

ಒಳಗಿನಿಂದ ಅತ್ತೆ ಕೂಗಿ ಕೇಳಿದರು. "ಸೋಮವಾರ ಗ್ಯಾಸಿನವ್ನು ಬರ್ತಾನಂತೆ ಕಣೇ. ಮನೇಲೇ ಇರ್ತೀಯ ತಾನೆ?"

"ಇರ್ತೀನಿ ಅತ್ತೆ," ಎಂದೆ.